ನೀರಜಮ್ಮನ ಪಾಲಿನ ಡಬ್ಬಿ

ನೀರಜಾ ಆ ಶಾಲೆಗೆ ಅಡುಗೆಯವಳಾಗಿ ಸೇರಿ ಒಂಬತ್ತು ವರ್ಷವಾಗಿತ್ತು. ಒಂಬತ್ತು ವರ್ಷದಲ್ಲಿ ಅಲ್ಲಿಯ ಒಂದು ತುತ್ತು ಅನ್ನವನ್ನೂ ಬಾಯಿಗಿಟ್ಟವಳಲ್ಲ. ನೂರಾ ಅರವತ್ತು ಮಕ್ಕಳಿಗೆ ದಿನಾ ಹುಳಿ, ಸಾರು, ಪಲ್ಯ ಮಾಡಿಹಾಕುವ ಹೆಂಗಸು, ಎಲ್ಲ ಮುಗಿದ ಮೇಲೆ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಬಸ್ಸು ಹತ್ತಿ ತಿರುವಲ್ಲಿಕೇಣಿಯ ಮನೆ ಸೇರಿ, ಸ್ನಾನ ಮಾಡಿ, ಮೂರೂವರೆಗೆ ಊಟಕ್ಕೆ ಕೂರುತ್ತಿದ್ದಳು. ಶಾಲೆಯಲ್ಲಿ ಯಾರಾದರೂ "ನಿಮ್ಮ ಊಟ?" ಅಂದರೆ "ನಂದು ಆಮೇಲೆ" ಅನ್ನುತ್ತಿದ್ದಳು. ಸುಳ್ಳೂ ಅಲ್ಲ ನೋಡಿ ಅದು. ಆಮೇಲೆಯೇ. ಎಲ್ಲಿ ಅಂತ ಯಾರೂ ಕೇಳಲಿಲ್ಲ, ಇವಳೂ ಹೇಳಲಿಲ್ಲ.

ಶಾಲೆ ಇದ್ದದ್ದು ಮದರಾಸಿನ ರಾಯಪುರಂನಲ್ಲಿ, ಮೀನಿನ ದೋಣಿಗಳು ನಿಲ್ಲುವ ದಂಡೆಯಿಂದ ಎರಡು ಬೀದಿ ಹಿಂದೆ. ಹೆಸರು ಸಮಾಧಾನ ವಿದ್ಯಾಲಯ. ಎಲ್ಲ ಮತದ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂತು ಓದಬೇಕು, ಜಗಳವಾಡದೆ ಬದುಕುವುದನ್ನು ಕಲಿಯಬೇಕು ಎಂದು ಹುಟ್ಟಿದ ಶಾಲೆ. ಬೆಳಿಗ್ಗೆ ಐದು ನಿಮಿಷ ಮೌನ. ಆಮೇಲೆ ದಿನಕ್ಕೊಂದು ಮಗು ಮುಂದೆ ಬಂದು ತನ್ನ ಮನೆಯ ಪ್ರಾರ್ಥನೆ ಹೇಳಬೇಕು, ತಾನು ಯಾರಿಗೆ ಋಣಿ ಅನ್ನುವುದನ್ನೂ ಹೇಳಬೇಕು, ಉಳಿದವರು ಸುಮ್ಮನೆ ಕೇಳಬೇಕು. ಹೊಡೆದಾಡಿಕೊಂಡವರಿಗೆ ಬೆತ್ತವಿಲ್ಲ. ಇಬ್ಬರೂ ಅಡುಗೆಮನೆಗೆ ಬಂದು ಎದುರುಬದುರು ಕೂತು ಐದು ಕಿಲೋ ಈರುಳ್ಳಿ ಬಿಡಿಸಬೇಕು. ಅಳು ಬಂದರೆ ಈರುಳ್ಳಿಯ ಮೇಲೆ ಹಾಕಬಹುದು, ಮರ್ಯಾದೆಗೂ ಮೋಸವಿಲ್ಲ.

ಮುಖ್ಯೋಪಾಧ್ಯಾಯ ತಿರುಮಲ ಅವರದು ಒಂದೇ ಹಟ: ಒಂದೇ ಪಂಕ್ತಿ, ಒಂದೇ ಅನ್ನ, ಮಿಕ್ಕ ಪಾಠವೆಲ್ಲ ಅದಾದ ಮೇಲೆ. ಮೇಷ್ಟರುಗಳೂ ಮಕ್ಕಳ ಜೊತೆಗೇ ನೆಲದ ಮೇಲೆ ಕೂತು ಉಣ್ಣಬೇಕು. ಅಡುಗೆಯವರು ಮಾತ್ರ ಕೊನೆಗೆ, ಅಡುಗೆಮನೆಯಲ್ಲೇ. ನೀರಜಾಳ ಗುಟ್ಟು ಉಳಿದುಕೊಂಡದ್ದು ಈ ಸಂದಿಯಲ್ಲಿ.

ಹಾಗಂತ ಆಕೆಗೆ ಯಾರ ಮೇಲೂ ದ್ವೇಷವಿರಲಿಲ್ಲ. ಮಾಧ್ವರ ಮನೆ, ಮೂರು ತಲೆಮಾರಿನಿಂದ ಮದರಾಸು. ಅತ್ತೆ ಕಲಿಸಿದ ಮಡಿ. ಅತ್ತೆ ಹೋಗಿ ಹನ್ನೆರಡು ವರ್ಷವಾಗಿತ್ತು. ಗಂಡ ಸತ್ಯಾತ್ಮನಂತೂ ಪ್ಯಾರೀಸ್ ಕಾರ್ನರಿಗೆ ಹೋದಾಗಲೆಲ್ಲ ಬೀದಿಯಲ್ಲಿ ನಿಂತು ಎರಡು ಬಜ್ಜಿ ತಿಂದೇ ಬರುವ ಮನುಷ್ಯ. ತಿನ್ನಬೇಡ ಅಂತ ತಡೆಯುವವರು ಈಗ ಯಾರೂ ಇರಲಿಲ್ಲ. ಆದರೂ ಹತ್ತು ಜನ ಮುಟ್ಟಿದ ಅನ್ನ ಕಂಡರೆ ಆಕೆಗೆ ಗಂಟಲು ಕಟ್ಟಿದಂತಾಗುತ್ತಿತ್ತು. ಅದು ನನ್ನ ಪಾಡು, ಅದರಿಂದ ಯಾರಿಗೇನು ತೊಂದರೆ ಅಂತ ತನಗೆ ತಾನೇ ಹೇಳಿಕೊಂಡು ಕಾಲ ಹಾಕಿದ್ದಳು.

ತೊಂದರೆ ಶುರುವಾದದ್ದು ಸಬೀನಾಳಿಂದ. ಒಂಬತ್ತನೇ ಕ್ಲಾಸಿನ ಹುಡುಗಿ, ಬಂದರಿನಲ್ಲಿ ಮೂಟೆ ಹೊರುವವನ ಮಗಳು. ಶಾಲೆಯಲ್ಲಿ ಎಲ್ಲರಿಗೂ ವಾರಕ್ಕೊಂದು ದಿನ ಅಡುಗೆಮನೆಯ ಪಾಳಿ, ಇವಳು ದಿನಾ ಬಂದು ಕೂರುತ್ತಿದ್ದಳು. ಒಗ್ಗರಣೆಗೆ ಸಾಸಿವೆ ಯಾವಾಗ, ಇಂಗು ಯಾವಾಗ ಅಂತ ಕೇಳಿ ಕೇಳಿ ಕಲಿತಳು. ನೀರಜಾಳ ಬಾಯಿಂದ ಅರ್ಧ ಕನ್ನಡವನ್ನೂ ಕಲಿತಳು. ಎರಡು ವರ್ಷದ ಹಿಂದೆ ಒಂದು ದಿನ ಹುಳಿ ತಳ ಕಂಡಿತು. ನೀರಜಮ್ಮನಿಗೆ ಏನೂ ಉಳಿಯಲಿಲ್ಲವಲ್ಲ ಅಂತ ಹುಡುಗಿ ಪೇಚಾಡಿದಳು. ಮರುದಿನದಿಂದ ಮಕ್ಕಳಿಗೆ ಬಡಿಸುವ ಮೊದಲೇ ಒಂದು ಸ್ಟೀಲ್ ಡಬ್ಬಿಯಲ್ಲಿ ಅನ್ನ, ಹುಳಿ, ಪಲ್ಯ ತುಂಬಿ ಎತ್ತಿಡತೊಡಗಿದಳು. "ಇದು ನಿಮ್ಮ ಪಾಲು, ಅಮ್ಮಾ."

ಬೇಡ ಅನ್ನಲು ನೀರಜಾಳಿಗೆ ಬಾಯಿ ಬರಲಿಲ್ಲ. ಡಬ್ಬಿ ತೆಗೆದುಕೊಂಡಳು. ಸಬೀನಾ ಕ್ಲಾಸಿಗೆ ಹೋದ ಮೇಲೆ ಅದನ್ನು ಚಿಕ್ಕತಾಯಮ್ಮನಿಗೆ ದಾಟಿಸಿದಳು. ಚಿಕ್ಕತಾಯಮ್ಮ ಮಂಡ್ಯದ ಕಡೆಯವಳು. ಮಗ ನಿಶಾಂತ್‌ಗೆ ಬಂದರಿನ ಕಂಪನಿಯಲ್ಲಿ ಕೆಲಸವಾಗಿ ಇಲ್ಲಿಗೆ ಬಂದು, ಫ್ಲ್ಯಾಟಿನಲ್ಲಿ ಕೂತು ಬೇಸತ್ತು, ಶಾಲೆಯಲ್ಲಿ ತರಕಾರಿ ಹೆಚ್ಚಿಕೊಡಲು ಬರುತ್ತಿದ್ದ ಮುದುಕಿ. ಡಬ್ಬಿ ಖಾಲಿಯಾಗಲು ಐದು ನಿಮಿಷ ಸಾಕು. ಮರುದಿನ ಸಬೀನಾ ಕೇಳುವಳು: "ಹೇಗಿತ್ತಮ್ಮಾ?" ನೀರಜಾ ಹೇಳುವಳು: "ಚೆನ್ನಾಗಿತ್ತು ಕಣೇ."

ಎರಡು ವರ್ಷ ಇದೇ ನಡೆಯಿತು. ಆಮೇಲೊಂದು ದಿನ ಬೆಳಗಿನ ಸರದಿ ಸಬೀನಾಳದು ಬಂತು. ಪ್ರಾರ್ಥನೆ ಮುಗಿಸಿ ಹುಡುಗಿ ಹೇಳಿದಳು: ಹಿಂದಿನ ಶಾಲೆಯಲ್ಲಿ ಪಕ್ಕದಲ್ಲಿ ಕೂರುತ್ತಿದ್ದವಳು ಇವಳ ಡಬ್ಬಿಯಿಂದ ತಿಂದಳೆಂದು ಆ ಹುಡುಗಿಗೆ ಮನೆಯಲ್ಲಿ ಪೆಟ್ಟು ಬಿದ್ದಿತ್ತಂತೆ. "ಇಲ್ಲಿ ನೀರಜಮ್ಮ ನನ್ನ ಕೈ ಅನ್ನ ದಿನಾ ತಿನ್ತಾರೆ. ನಾನು ಅವರಿಗೆ ಋಣಿ." ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಹಿಂದೆ ಕಂಬಕ್ಕೆ ಒರಗಿ ನಿಂತಿದ್ದ ನೀರಜಾಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಒಂದಿನ ಆ ಮಗೀಗೆ ಗೊತ್ತಾಯ್ತದೆ ಕಣವ್ವ," ಅಂದಳು ಚಿಕ್ಕತಾಯಮ್ಮ, ಬೆರಳು ಚೀಪುತ್ತ. "ಆಗ ಏನ್ ಮಾಡೀಯೆ?"

"ಹೇಗೆ ಗೊತ್ತಾಗತ್ತೆ? ನೀವು ಹೇಳಿದ್ರೆ ತಾನೇ?"

"ನಾನ್ಯಾಕ್ ಯೋಳಾನ? ನನ್ ಊಟಕ್ಕೆ ನಾನೇ ಕಲ್ ಹಾಕ್ಕೊಳ್ಳಾನಾ?"

ನೀರಜಾ ನಗಲಿಲ್ಲ. ಕೆಲಸ ಹೋದರೂ ಚಿಂತೆಯಿರಲಿಲ್ಲ ಆಕೆಗೆ, ಆ ಹುಡುಗಿಗೆ ಗೊತ್ತಾಗಬಾರದು, ಅಷ್ಟೇ.

ಗಿಂಡಿಯ ಚರ್ಚೊಂದರಿಂದ ಸೇವೆಯ ತಂಡ ಬರುತ್ತದೆ ಎಂದು ತಿರುಮಲ ಹೇಳಿದ್ದು ಒಂದು ಬುಧವಾರ. ಶುಕ್ರವಾರ ಇಪ್ಪತ್ತೆರಡು ಜನ ಬಂದರು, ಎಲ್ಲರಿಗೂ ನೀಲಿ ಟೀ ಶರ್ಟು. ಸೋರುವ ನಲ್ಲಿ ಸರಿ ಮಾಡಲು ಒಬ್ಬ ಪ್ಲಂಬರು, ಬೆಂಚುಗಳಿಗೆ ಬಣ್ಣ ಬಳಿಯಲು ಕಾಲೇಜು ಹುಡುಗಿಯರು, ಇವರೆಲ್ಲರ ಮುಂದಾಳು ಜ್ಞಾನಸುಂದರಿ ಎಂಬ ನಿವೃತ್ತ ನರ್ಸು. ಅರವತ್ತೆರಡರ ಗಟ್ಟಿ ಹೆಂಗಸು. ವಾರ್ಡಿನ ಈ ತುದಿಯಿಂದ ಆ ತುದಿಗೆ ಕೇಳಿಸಬೇಕಾಗಿದ್ದ ದನಿ, ಕೆಲಸ ಬಿಟ್ಟರೂ ತಗ್ಗಿರಲಿಲ್ಲ.

ಬೆಳಗಿನ ಮೌನಕ್ಕೆ ಅವರೂ ಕೂತರು. ಐದು ನಿಮಿಷ ಬಾಯಿ ಮುಚ್ಚಿಕೊಂಡಿರುವುದು ದೊಡ್ಡವರಿಗೆ ಎಷ್ಟು ಕಷ್ಟ ಅಂತ ಮಕ್ಕಳು ಅವತ್ತು ನೋಡಿದರು. ಒಬ್ಬರ ಫೋನು ಹೊಡೆದುಕೊಂಡಿತು, ಇನ್ನೊಬ್ಬರು ಮೂರು ಸಲ ಕೆಮ್ಮಿದರು. ಮೂರನೇ ಕ್ಲಾಸಿನ ಪುಟಾಣಿಯೊಂದು ಅವರತ್ತ ತಿರುಗಿ ತುಟಿಗೆ ಬೆರಳಿಟ್ಟು ಗದರಿಸಿತು. ಆಮೇಲೆ ಕೆಲಸಕ್ಕಿಳಿದರು, ಅದರಲ್ಲಿ ಮಾತ್ರ ಕೊಸರಾಟವಿರಲಿಲ್ಲ. ಹನ್ನೊಂದಕ್ಕೆಲ್ಲ ನಲ್ಲಿಗಳು ಸೋರುವುದು ನಿಂತಿತ್ತು, ಅರ್ಧ ಬೆಂಚುಗಳು ಹಸಿರಾಗಿದ್ದವು.

ಆಗ ತಿರುಮಲ ಅಡುಗೆಮನೆಗೆ ಬಂದರು, ಮುಖ ಊರಗಲ. "ನೀರಜಮ್ಮಾ, ಇವರದ್ದೊಂದು ಪದ್ಧತಿ ಇದೆಯಂತೆ. ಎಲ್ಲಿಗೆ ಹೋದ್ರೂ ಅಲ್ಲಿ ದಿನಾ ಬಡಿಸೋರನ್ನ ಅವತ್ತು ಕೂರಿಸಿ ಇವರು ಬಡಿಸ್ತಾರಂತೆ. ಅವರು ಉಂಡ ಮೇಲೇನೇ ಇವರ ಊಟ. ಇವತ್ತು ನೀವು ಮೊದಲನೇ ಎಲೇಲಿ ಕೂತ್ಕೋಬೇಕು."

"ನಂದು ಆಮೇಲೆ ಸಾರ್."

"ಆಮೇಲೆ ಗೀಮೇಲೆ ಏನೂ ಇಲ್ಲ ಇವತ್ತು," ಅಂದವರೇ ಹೊರಟುಬಿಟ್ಟರು.

ನೀರಜಾ ನೆವ ಹುಡುಕಿದಳು. ಏಕಾದಶಿ ಅಂದುಬಿಡೋಣವೆಂದರೆ, ಏಕಾದಶಿ ಮೊನ್ನೆ ಸೋಮವಾರವಷ್ಟೇ ಮುಗಿದಿತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕಿಡುವವಳೇ ಸಬೀನಾ. ತಲೆನೋವು ಅನ್ನೋಣವೆಂದರೆ ಎದುರಿಗಿರುವುದು ನರ್ಸು.

"ಎರಡ್ ತುತ್ತು ನುಂಗ್ಬುಡವ್ವ," ಅಂದಳು ಚಿಕ್ಕತಾಯಮ್ಮ. "ಜ್ವರ ಬಂದಾಗ ಕಷಾಯ ನುಂಗಾಕಿಲ್ವಾ? ಅಂಗೇ ಅಂದ್ಕೊ."

ಹೌದು, ನುಂಗಿಬಿಡಬೇಕು ಅಂತ ನೀರಜಾ ತೀರ್ಮಾನಿಸಿದಳು. ಗುಟ್ಟು ಉಳಿಸಿಕೊಳ್ಳಲು ಅದೊಂದೇ ದಾರಿ. ಮನೆಗೆ ಹೋಗಿ ತಲೆಗೆ ಸ್ನಾನ ಮಾಡಿ ದೇವರಿಗೊಂದು ತಪ್ಪುಕಾಣಿಕೆ ಹಾಕಿದರಾಯಿತು ಅಂದುಕೊಂಡಳು.

ಹನ್ನೆರಡೂವರೆಗೆ ಊಟದ ಹಾಲಿನಲ್ಲಿ ಪಂಕ್ತಿ ಹಾಕಿದರು. ದಿನಾ ತಟ್ಟೆ, ಅವತ್ತು ತಂಡದವರು ತಂದ ಬಾಳೆಲೆ. ಮಕ್ಕಳು ಸಾಲಾಗಿ ಕೂತರು. ಮೊದಲನೇ ಎಲೆಯ ಮುಂದೆ ನೀರಜಾ ಕೂತಳು. ಪಾಳಿ ಸಬೀನಾಳದು, ಹುಳಿಯ ಬಕೆಟ್ಟು ಹಿಡಿದು ಬಡಿಸುವ ನೀಲಿ ಅಂಗಿಗಳಿಗೆ ದಾರಿ ತೋರಿಸುತ್ತ ನಿಂತಿದ್ದಳು. ಇನ್ನೇನು ಅನ್ನ ಬೀಳಬೇಕು, ಜ್ಞಾನಸುಂದರಿ ಒಂದು ಬಟ್ಟೆಯ ಚೀಲ ಹಿಡಿದು ಬಂದಳು. ಒಳಗೆ ಬಾಳೆಲೆಯಲ್ಲಿ ಸುತ್ತಿ ದಾರ ಕಟ್ಟಿದ ಪೊಟ್ಟಣ, ಸೀಲು ಒಡೆಯದ ನೀರಿನ ಬಾಟಲಿ.

"ಅಮ್ಮಾ, ನಿಮ್ಮವರು ನಮ್ಮ ಕೈಯಿಂದ ತಿನ್ನಲ್ಲ ಅಂತ ನಂಗೆ ಗೊತ್ತು," ಅಂದಳು ಆಕೆ ತಮಿಳಿನಲ್ಲಿ, ಆ ವಾರ್ಡಿನ ದನಿಯಲ್ಲಿ. ನೂರಾ ಅರವತ್ತು ತಲೆಗಳು ಇತ್ತ ತಿರುಗಿದವು. "ನಮ್ಮ ಮನೆ ಕೆಳಗಡೆ ಶ್ರೀವಿದ್ಯಾ ಅಂತ ಇದ್ದರು, ನಿಮ್ಮ ಹಾಗೇ ಮಾಧ್ವರು. ಇಪ್ಪತ್ತು ವರ್ಷ. ಅವರ ಎರಡೂ ಹೆರಿಗೆಗೆ ನಾನೇ ಜೊತೆಗಿದ್ದೆ, ಆದ್ರೂ ನಮ್ಮನೇಲಿ ಒಂದು ಲೋಟ ನೀರು ಕುಡಿದವರಲ್ಲ. ಸಿಪ್ಪೆ ಸುಲಿಯದ ಬಾಳೆಹಣ್ಣು ಕೊಟ್ರೆ ತಗೋತಿದ್ರು. ನಂಗೇನೂ ಬೇಜಾರಿಲ್ಲಮ್ಮಾ, ಒಬ್ಬೊಬ್ಬರದು ಒಂದೊಂದು ನೇಮ. ಅಡುಗೆಯವರು ಮಾಧ್ವರು ಅಂತ ಹೆಡ್‌ಮಾಸ್ಟರು ಹೇಳಿದ ತಕ್ಷಣ ಮೈಲಾಪುರದ ಮೆಸ್ಸಿಗೆ ಹೋಗಿ ಕಟ್ಟಿಸಿದೆ. ಅಡುಗೆ ಮಾಡೋರು ನಿಮ್ಮವರೇ. ಯಾರೂ ಬಿಚ್ಚಿಲ್ಲ. ಒಳಗಿರೋದನ್ನ ನಾನೂ ಮುಟ್ಟಿಲ್ಲ."

ಸಬೀನಾ ಕಿಲಕಿಲ ನಕ್ಕಳು. "ಅಯ್ಯೋ ಆಂಟಿ! ನಮ್ಮ ನೀರಜಮ್ಮ ಹಾಗಲ್ಲ. ದಿನಾ ನಾನು ಎತ್ತಿಡೋದನ್ನೇ ತಿನ್ನೋದು. ಎರಡು ವರ್ಷದಿಂದ! ಬೇಕಾದ್ರೆ ಕೇಳಿ."

ಜ್ಞಾನಸುಂದರಿಯ ಮುಖ ಸಪ್ಪಗಾಯಿತು. ಚೀಲವನ್ನು ಹಿಂದಕ್ಕೆ ಮರೆ ಮಾಡಿಕೊಂಡಳು. "ಮನ್ನಿಚ್ಚುಡುಂಗಮ್ಮಾ," ಅಂದಳು, ಕ್ಷಮಿಸಿ ಎಂದು. "ನಾನು ತಪ್ಪು ತಿಳಿದುಬಿಟ್ಟೆ. ಎಲ್ಲರೂ ಶ್ರೀವಿದ್ಯಾ ಥರಾನೇ ಇರ್ತಾರೆ ಅಂದ್ಕೊಂಡೆ. ಇಷ್ಟು ಜನರ ಎದುರಿಗೆ ನಿಮ್ಮನ್ನ ಅವಮಾನ ಮಾಡಿದ ಹಾಗಾಯ್ತು." ಅಷ್ಟು ದೊಡ್ಡ ಹೆಂಗಸು ಮಕ್ಕಳ ಮುಂದೆ ಎರಡೂ ಕೈ ಜೋಡಿಸಿ ನಿಂತಳು. ತಂಡದ ಕಾಲೇಜು ಹುಡುಗಿಯರು ಆಕೆಯನ್ನು ಒಂಥರಾ ನೋಡಿದರು. ತಿರುಮಲ ಹೆಮ್ಮೆಯಿಂದ ನೀರಜಾಳ ಕಡೆ ನೋಡುತ್ತಿದ್ದರು.

ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು. ಪರವಾಯಿಲ್ಲ ಬಿಡಿ ಅಂದು ನಕ್ಕುಬಿಟ್ಟಿದ್ದರೆ ಗುಟ್ಟು ಜನ್ಮಕ್ಕೆ ಭದ್ರವಾಗಿರುತ್ತಿತ್ತು. ಆದರೆ ಸರಿಯಾಗಿ ತಿಳಿದುಕೊಂಡಿದ್ದ ಒಬ್ಬಳೇ ಒಬ್ಬಳು ತಪ್ಪಾಯಿತೆಂದು ಕೈ ಮುಗಿದು ನಿಂತಿದ್ದಳಲ್ಲ, ಅದನ್ನು ನೋಡಿಕೊಂಡು ಕೂರಲು ನೀರಜಾಳಿಂದ ಆಗಲಿಲ್ಲ.

"ನೀವು ಕೈ ಮುಗೀಬೇಡಿ," ಅಂದಳು. "ನೀವು ತಿಳ್ಕೊಂಡಿದ್ದೇ ಸರಿ. ನಾನು ಈ ಶಾಲೇಲಿ ತಿಂದಿಲ್ಲ. ಒಂದು ದಿನಾನೂ ತಿಂದಿಲ್ಲ."

ಸಬೀನಾಳ ನಗು ಇನ್ನೂ ಮುಖದ ಮೇಲೇ ಇತ್ತು, ಇಳಿಯುವುದಕ್ಕೆ ಹೊತ್ತು ಹಿಡಿಯಿತು. "ಮತ್ತೆ ಡಬ್ಬಿ?" ಅಂದಳು.

ಅಡುಗೆಮನೆಯ ಬಾಗಿಲಿನಿಂದ ಚಿಕ್ಕತಾಯಮ್ಮನ ದನಿ ಬಂತು. ತಮಿಳು ಮಾತು ಅರ್ಥವಾಗದಿದ್ದರೂ ಡಬ್ಬಿ ಅಂದದ್ದು ಅರ್ಥವಾಗಿತ್ತು. "ನಾನ್ ತಿಂದೆ ಕಣ್ ಮಗ. ಚಂದಾಗಿತ್ತು."

ಸಬೀನಾ ಬಕೆಟ್ಟನ್ನು ನೆಲಕ್ಕಿಟ್ಟಳು. ಜ್ಞಾನಸುಂದರಿಯ ಬಳಿಗೆ ಹೋಗಿ ಪೊಟ್ಟಣ ಇಸಿದುಕೊಂಡು, ನೀರಜಾಳ ಮುಂದೆ ಕೂತು, ದಾರ ಬಿಚ್ಚಿದಳು. ಅನ್ನವನ್ನು ಕೈಯಿಂದಲೇ ತೆಗೆದು ಎಲೆಯ ನಡುವಿಗಿಟ್ಟಳು. ಸಾರಿನ ಚಿಕ್ಕ ಕವರು ಹಲ್ಲಿನಿಂದ ಕಚ್ಚಿ ಹರಿದು ಮೇಲೆ ಸುರಿದಳು. "ನಿಮ್ಮದು ಇದು. ತಿನ್ನಿ," ಅಂದು ಎದ್ದು, ಬಕೆಟ್ಟು ತೆಗೆದುಕೊಂಡು ಆಚೆ ಸಾಲಿಗೆ ಹೋಗಿಬಿಟ್ಟಳು.

ಇಪ್ಪತ್ತು ವರ್ಷ ಶ್ರೀವಿದ್ಯಾಳ ಜೊತೆ ಬಾಳಿದ ಜ್ಞಾನಸುಂದರಿಗೆ ಆದದ್ದೇನೆಂದು ಥಟ್ಟನೆ ತಿಳಿಯಿತು. ಬಗ್ಗಿ, ಮೊದಲ ಬಾರಿಗೆ ಮೆಲುದನಿಯಲ್ಲಿ, "ಮುಟ್ಟಿಬಿಟ್ಟಳಲ್ಲಮ್ಮಾ... ಇನ್ನೊಂದು ತರಿಸ್ಲಾ?" ಅಂದಳು.

"ಬೇಡ," ಅಂದಳು ನೀರಜಾ. ಕಲಸಿದಳು. ತುತ್ತು ಬಾಯಿಗಿಟ್ಟಳು.

ಗಂಟಲು ಕಟ್ಟಲಿಲ್ಲ. ಆರಿಹೋದ ಅನ್ನ, ಹುಣಸೆ ಮುಂದಾದ ಸಾರು, ನೆಟ್ಟಗೆ ಒಳಗೆ ಇಳಿಯಿತು. ಇಷ್ಟೇನಾ ಅನ್ನಿಸಿತು ಆಕೆಗೆ. ಇಷ್ಟಕ್ಕೇನಾ ಒಂಬತ್ತು ವರ್ಷ? ಬಡಿಸಿದ್ದನ್ನೆಲ್ಲ ತಿಂದಳು. ತಲೆಯೆತ್ತಿ ನೋಡಿದರೆ ಸಬೀನಾ ಬೆನ್ನು ಹಾಕಿಕೊಂಡು ಆ ತುದಿಯಲ್ಲಿ ಬಡಿಸುತ್ತಿದ್ದಳು. ಇವಳು ತಿಂದಳೋ ಬಿಟ್ಟಳೋ ಅಂತ ಅವಳು ಒಮ್ಮೆಯೂ ತಿರುಗಲಿಲ್ಲ.

ನಾಲ್ಕು ಗಂಟೆಗೆ ತಂಡ ಮಕ್ಕಳ ಜೊತೆ ಫೋಟೋ ತೆಗೆಸಿಕೊಂಡು ಹೊರಟಿತು. ಜ್ಞಾನಸುಂದರಿ ಅಡುಗೆಮನೆಯ ತನಕ ಬಂದು, ನೀರಜಾಳ ಭುಜ ಒತ್ತಿ ಹೋದಳು. ಸಬೀನಾ ಹಿತ್ತಲ ನಲ್ಲಿಯಲ್ಲಿ ಬಕೆಟ್ಟು ತೊಳೆಯುತ್ತಿದ್ದಳು.

"ತಪ್ಪಾಯ್ತು ಕಣೇ," ಅಂದಳು ನೀರಜಾ.

ಹುಡುಗಿ ಉಜ್ಜುವುದನ್ನು ನಿಲ್ಲಿಸಲಿಲ್ಲ. "ಚೆನ್ನಾಗಿತ್ತು ಅಂತಿದ್ರಲ್ಲ ದಿನಾ. ನಾನು ಮನೆಗೆ ಹೋಗಿ ಅಮ್ಮಿಗೆ ಹೇಳ್ತಿದ್ದೆ. ಅಬ್ಬಾ ಕೆಲಸದಿಂದ ಬಂದ ಮೇಲೆ ಅವರಿಗೂ ಹೇಳ್ತಿದ್ದೆ. ಪಕ್ಕದ ಮನೆಯವರಿಗೂ." ಆಮೇಲೆ ಕೇಳಿದಳು: "ನನ್ನ ಕೈ ಅಸಹ್ಯನಾ?"

"ಅಲ್ಲ ಕಣೇ. ದೇವರಾಣೆಗೂ ಅಲ್ಲ."

"ಮತ್ತೆ?"

ಅಭ್ಯಾಸ ಅನ್ನಬಹುದಿತ್ತು, ಆ ಮಾತು ಸಾಲದು ಅಂತ ನೀರಜಾಳಿಗೇ ಗೊತ್ತಿತ್ತು. "ಗೊತ್ತಿಲ್ಲ," ಅಂದಳು. "ನಿಜವಾಗ್ಲೂ ಗೊತ್ತಿಲ್ಲ. ಸೋಮವಾರ ಡಬ್ಬಿ ಎತ್ತಿಡು. ನಿನ್ನ ಎದುರಿಗೇ ತಿನ್ತೀನಿ."

"ಎತ್ತಿಡಲ್ಲ," ಅಂದಳು ಸಬೀನಾ. "ಇನ್ನು ಎತ್ತಿಡೋದೇ ಇಲ್ಲ. ತಿನ್ನೋದಾದ್ರೆ ಪಂಕ್ತೀಲಿ ಬಂದು ಕೂತ್ಕೊಳಿ. ಎಲ್ಲರ ಹಾಗೆ." ಬಕೆಟ್ಟು ಬೋರಲು ಹಾಕಿ, ಬ್ಯಾಗು ಹೆಗಲಿಗೇರಿಸಿ ಹೊರಟುಹೋದಳು. ನೀರಜಾ ಆ ನಲ್ಲಿಯ ಹತ್ತಿರ ನಿಂತು ಬಿಕ್ಕಿ ಬಿಕ್ಕಿ ಅತ್ತಳು.

ಸೋಮವಾರ ಎಲ್ಲರ ಊಟದ ಹೊತ್ತಿಗೆ ನೀರಜಾ ಒಲೆ ಆರಿಸಿ, ಒಂದು ತಟ್ಟೆ ತೆಗೆದುಕೊಂಡು ಹಾಲಿಗೆ ಹೋದಳು. ಎಲ್ಲಿ ಕೂರಬೇಕೆಂದು ತಿಳಿಯದೆ ಎರಡನೇ ಕ್ಲಾಸಿನ ಸಾಲಿನ ಕೊನೆಯಲ್ಲಿ ಕೂತಳು. ತಿರುಮಲ ನೋಡಿಯೂ ನೋಡದ ಹಾಗೆ ತಮ್ಮ ಅನ್ನ ಕಲಸುತ್ತಿದ್ದರು, ಅಷ್ಟು ಬುದ್ಧಿ ಅವರಿಗಿತ್ತು. ಸಬೀನಾ ಬಡಿಸುತ್ತ ಬಂದಳು. ಎಲ್ಲರಿಗೂ ಹಾಕಿದಷ್ಟೇ ಹುಳಿ ಹಾಕಿದಳು. ಹಾಕಿ ಮುಂದಕ್ಕೆ ಹೋಗಲಿಲ್ಲ. ಸೌಟು ಹಿಡಿದು ಅಲ್ಲೇ ನಿಂತಳು. ನೀರಜಾ ಕಲಸಿ, ತುತ್ತು ಬಾಯಿಗಿಟ್ಟು, ಅಗಿದು ನುಂಗಿದಳು. ಅದು ಗಂಟಲಿನಿಂದ ಕೆಳಗಿಳಿಯುವ ತನಕ ಹುಡುಗಿ ಕಣ್ಣು ಕೀಳದೆ ನೋಡಿದಳು. ಆಮೇಲೆ ಮುಂದಿನ ಸಾಲಿಗೆ ಹೋದಳು.

ಮಂಗಳವಾರವೂ ನಿಂತು ನೋಡಿದಳು. ಬುಧವಾರವೂ. ಮಾತ್ರೆ ನುಂಗಿದರೋ ಬಾಯಲ್ಲೇ ಇಟ್ಟುಕೊಂಡರೋ ಅಂತ ಆಸ್ಪತ್ರೆಯಲ್ಲಿ ನೋಡುವ ಹಾಗೆ. ನೀರಜಾ ಅದಕ್ಕೆ ಎದುರಾಡಲಿಲ್ಲ. ನೋಡಲಿ ಅಂತ ತುತ್ತನ್ನು ನಿಧಾನವಾಗಿಯೇ ನುಂಗುತ್ತಿದ್ದಳು. ಮೂರು ವಾರ ಹೀಗೇ ಹೋಯಿತು. ಹುಡುಗಿ ಅಡುಗೆಮನೆಗೆ ಬರುತ್ತಿದ್ದಳು, ಹೇಳಿದ ಕೆಲಸ ಮಾಡುತ್ತಿದ್ದಳು, ಹೇಗಿತ್ತು ಅಂತ ಮಾತ್ರ ಕೇಳುತ್ತಿರಲಿಲ್ಲ.

ನಾಲ್ಕನೇ ವಾರದ ಗುರುವಾರ ಸಬೀನಾಗೆ ಪರೀಕ್ಷೆಯ ಅವಸರ. ಬಕೆಟ್ಟು ಹಿಡಿದು ದಡದಡ ಬಂದಳು, ಪಕ್ಕದ ಹುಡುಗನಿಗೆ ಹಾಕಿದಳು, ನೀರಜಾಳಿಗೆ ಹಾಕಿದಳು, ನಿಲ್ಲದೆ, ತಿರುಗಿಯೂ ನೋಡದೆ, "ಅಮ್ಮಾ, ಬೇಕಿದ್ರೆ ಕೂಗಿ" ಅಂದು ಮುಂದಕ್ಕೆ ಹೋದಳು.

ನೀರಜಾ ಕೈಯಲ್ಲಿ ತುತ್ತು ಹಿಡಿದುಕೊಂಡೇ ಕೂತಳು. ಕಣ್ಣು ತುಂಬಿ ತಟ್ಟೆ ಮಂಜಾಯಿತು. ಪಕ್ಕದ ಎರಡನೇ ಕ್ಲಾಸಿನ ಹುಡುಗ ಅದನ್ನು ನೋಡಿ, "ಖಾರಾನಾ ಪಾಟಿ?" ಅಂತ ಅಜ್ಜಿಯನ್ನು ಕೇಳುವ ಹಾಗೆ ಕೇಳಿ, ತಾನು ಅರ್ಧ ಕುಡಿದಿದ್ದ ನೀರಿನ ಲೋಟವನ್ನು ಅವಳ ಮುಂದಕ್ಕೆ ತಳ್ಳಿದ. ನೀರಜಾ ಲೋಟ ಎತ್ತಿಕೊಂಡು, ಅದರ ಅಂಚಿಗೇ ತುಟಿ ಹಚ್ಚಿ, ಗಟಗಟ ಕುಡಿದಳು.